ಕತ್ತಲ ಕೋಣೆಯಲ್ಲಿ ಮುಖಕ್ಕೆ ಬೆಳಕು

ಮಕ್ಕಳೇ, ಪ್ರೊಜೆಕ್ಟರಿನಲ್ಲಿ ಪಾಠ ನೋಡುವಾಗ ಕಿಟಕಿ ಮುಚ್ಚಿ ದೀಪ ಆರಿಸುತ್ತೇವೆ. ಏಕೆ ಗೊತ್ತೇ? ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಚೆಲ್ಲಲಾರದು. ಚಿತ್ರದಲ್ಲಿ ಕಪ್ಪಿರಬೇಕಾದ ಕಡೆ ಅದು ಆದಷ್ಟು ಕಡಿಮೆ ಬೆಳಕು ಬೀರುತ್ತದೆ, ಅಷ್ಟೇ. ಪರದೆಯೋ ಬಿಳಿ. ಕೋಣೆಯ ಬೆಳಕು ಅದರ ಮೇಲೆ ಬಿದ್ದರೆ ಕಪ್ಪು ಭಾಗ ಬೂದಿಯಾಗಿ, ಚಿತ್ರ ಮಂಕಾಗುತ್ತದೆ.

ಈಗ ನಿಮ್ಮ ಗೆಳತಿಯೊಬ್ಬಳು ಪರದೆಯ ಪಕ್ಕ ನಿಂತು ವಿಜ್ಞಾನ ಪ್ರಬಂಧ ಮಂಡಿಸುತ್ತಿದ್ದಾಳೆ, ಶಿಕ್ಷಕರು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದಾರೆ ಎಂದುಕೊಳ್ಳಿ. ನಿಮ್ಮ ಕಣ್ಣಿಗೆ ಅವಳ ಮುಖ ಕಾಣುತ್ತದೆ. ವಿಡಿಯೋದಲ್ಲಿ ಮಾತ್ರ ಒಂದು ಕಪ್ಪು ನೆರಳು ಮಾತಾಡುತ್ತಿರುತ್ತದೆ! ದನಿ ಕೇಳಿದರೆ ಸಾಲದೇ ಎನ್ನಬೇಡಿ. ಕಿವಿ ಸರಿಯಾಗಿ ಕೇಳಿಸದ ಎಷ್ಟೋ ಮಕ್ಕಳು ತುಟಿಯ ಚಲನೆ ನೋಡಿ ಮಾತನ್ನು ಗ್ರಹಿಸುತ್ತಾರೆ. ಮುಖ ಕಪ್ಪಾದರೆ ಅವರ ಪಾಲಿಗೆ ಪಾಠವೇ ಇಲ್ಲ.

ಕಣ್ಣಿಗೆ ಕಂಡದ್ದು ಕ್ಯಾಮೆರಾಕ್ಕೆ ಏಕೆ ಕಾಣಲಿಲ್ಲ? ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಹಿಗ್ಗುತ್ತದೆ, ಪ್ರಖರ ಬೆಳಕಿನಲ್ಲಿ ಕುಗ್ಗುತ್ತದೆ. ಅದರ ಅಗಲ ಸುಮಾರು 2 ಮಿ.ಮೀ.ನಿಂದ 8 ಮಿ.ಮೀ.ವರೆಗೆ ಬದಲಾಗಬಲ್ಲದು. ಅಲ್ಲದೆ ನಾವು ಪರದೆಯನ್ನೂ ಮುಖವನ್ನೂ ಒಂದಾದ ಮೇಲೊಂದು ನೋಡುತ್ತೇವೆ. ಕಣ್ಣು ಮತ್ತು ಮಿದುಳು ಆಗಾಗ ಹೊಂದಿಕೊಳ್ಳುತ್ತವೆ. ಕ್ಯಾಮೆರಾ ಹಾಗಲ್ಲ. ಇಡೀ ದೃಶ್ಯದ ಬೆಳಕನ್ನು ಅಳೆದು, ಎಲ್ಲಕ್ಕೂ ಸೇರಿ ಎಷ್ಟು ಬೆಳಕು ಒಳಗೆ ಬಿಡಬೇಕೆಂದು ತೀರ್ಮಾನಿಸುತ್ತದೆ. ದೃಶ್ಯದ ತುಂಬ ಹೊಳೆಯುವ ಪರದೆಯೇ ಇದ್ದರೆ ‘ಬೆಳಕು ಹೆಚ್ಚಾಯಿತು’ ಎಂದು ಕಡಿಮೆ ಮಾಡುತ್ತದೆ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳಿಟ್ಟರೆ ಮುಖವೇನೋ ಬೆಳಗುತ್ತದೆ, ಆದರೆ ಪರದೆಯ ಚಿತ್ರ ಬೆಳ್ಳಗೆ ತೊಳೆದುಹೋಗುತ್ತದೆ.

ಆದ್ದರಿಂದ ಉಪಾಯ ಒಂದೇ: ಮುಖಕ್ಕೆ ಬೆಳಕು ಬೇಕು, ಪರದೆಗೆ ಬೇಡ. ಗೆಳತಿ ಪರದೆಯ ಎಡಕ್ಕೆ ನಿಂತಿದ್ದಾಳೆ ಎನ್ನೋಣ. ದೀಪವನ್ನೂ ಎಡಕ್ಕೇ ಇಟ್ಟರೆ ಅದರ ಕಿರಣ ಅವಳನ್ನು ದಾಟಿ ಸೀದಾ ಪರದೆಗೆ ಹೋಗುತ್ತದೆ. ಬದಲಿಗೆ ದೀಪವನ್ನು ಕೋಣೆಯ ಮಧ್ಯದ ಕಡೆ, ತಲೆಗಿಂತ ಎತ್ತರದಲ್ಲಿಟ್ಟು ಎಡ ಮೂಲೆಯತ್ತ ತಿರುಗಿಸಬೇಕು. ಆಗ ಉಳಿದ ಬೆಳಕೂ ನೆರಳೂ ಎಡಗೋಡೆಯ ಮೇಲೆ ಬೀಳುತ್ತವೆ. ದೀಪದ ಪಕ್ಕ, ಪರದೆಯ ಕಡೆಗೆ, ಒಂದು ಕಪ್ಪು ರಟ್ಟು ನಿಲ್ಲಿಸಿ. ಜಟಕಾ ಕುದುರೆಯ ಕಣ್ಣಿಗೆ ಕಟ್ಟುವ ಪಟ್ಟಿ ನೋಡಿದ್ದೀರಲ್ಲ, ಹಾಗೆ! ಗೆಳತಿ ಪರದೆಯಿಂದ ನಾಲ್ಕೈದು ಅಡಿ ದೂರ ಸರಿದು ನಿಂತರೆ ಇನ್ನೂ ಒಳ್ಳೆಯದು. ದೀಪವನ್ನು ಕೆಳಗಿಟ್ಟರೆ ಏನಾಗುತ್ತದೆ ಎಂಬುದು ಗಲ್ಲದ ಕೆಳಗೆ ಟಾರ್ಚ್ ಹಿಡಿದು ತಮ್ಮ ತಂಗಿಯರನ್ನು ಹೆದರಿಸಿದವರಿಗೆಲ್ಲ ಗೊತ್ತು.

ದೀಪ ಹತ್ತಿರವಿದ್ದರೆ ಲಾಭ ಹೆಚ್ಚು. ಚಿಕ್ಕ ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಪಾಲು. ಈ ನಿಯಮವನ್ನು ಜೊಹಾನ್ಸ್ ಕೆಪ್ಲರ್ 1604ರಲ್ಲಿ ತನ್ನ ಗ್ರಂಥದಲ್ಲಿ ತಿಳಿಸಿದ್ದ. ಮುಖ 1 ಮೀಟರ್ ದೂರದಲ್ಲೂ ಪರದೆ 3 ಮೀಟರ್ ದೂರದಲ್ಲೂ ಇದ್ದರೆ, ಪರದೆಗೆ ಎಷ್ಟು ಕಡಿಮೆ ಬೆಳಕು ತಲುಪುತ್ತದೆ ನೋಡಿ! ತೊಂದರೆಯೂ ಉಂಟು. ಮಾತಿನ ಭರದಲ್ಲಿ ಗೆಳತಿ ಒಂದು ಹೆಜ್ಜೆ ಹಿಂದೆ ಹೋದರೆ ಮುಖ ಥಟ್ಟನೆ ಮಂಕಾಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ಅದರೊಳಗೇ ನಿಲ್ಲಲು ಹೇಳಿ.

ಮುಖದ ಇನ್ನೊಂದು ಮಗ್ಗುಲು ಕತ್ತಲಾಯಿತೇ? ಅಲ್ಲಿ ಬಿಳಿ ಥರ್ಮೋಕೋಲ್ ಹಲಗೆ ಹಿಡಿಯಿರಿ. ಕನ್ನಡಿ ಏಕೆ ಬೇಡ? ನುಣುಪಾದ ಕನ್ನಡಿ ಬೆಳಕನ್ನು ಒಂದೇ ದಿಕ್ಕಿಗೆ ಕಳಿಸುತ್ತದೆ. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಹಿಂದಿ ಚಿತ್ರಕ್ಕೆ ಕನ್ನಡಿಗಳಿಂದಲೇ ಬಿಸಿಲನ್ನು ಸ್ಟುಡಿಯೋದೊಳಗೆ ತಿರುಗಿಸಿ, ಕಂಬದಂತಹ ಕಿರಣವನ್ನು ಮೂಡಿಸಿದರು. ಒರಟಾದ ಬಿಳಿ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ ಮೃದುವಾಗಿಸುತ್ತದೆ. 1956ರ ‘ಅಪರಾಜಿತೊ’ ಬಂಗಾಳಿ ಚಿತ್ರದಲ್ಲಿ ಸುಬ್ರತ ಮಿತ್ರ ಅವರಿಗೆ ಕಾಶಿಯ ಮನೆಯಂಗಳದ ಹಗಲು ಬೆಳಕು ಬೇಕಿತ್ತು. ಅವರು ಸ್ಟುಡಿಯೋದ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪಗಳನ್ನು ಅದರತ್ತ ತಿರುಗಿಸಿದರು. ನಮಗೆ ಬೇಕಾದದ್ದು ಈ ಎರಡನೆಯ ಬಗೆ.

ಎಚ್ಚರಿಕೆ: ದೀಪ, ವೈರು, ಪ್ಲಗ್ಗಿನ ಕೆಲಸ ಶಿಕ್ಷಕರೇ ಮಾಡಲಿ. ಪ್ರೊಜೆಕ್ಟರಿನ ಲೆನ್ಸಿನೊಳಗೆ ಇಣುಕಬೇಡಿ.

ಮಾಡಿ ನೋಡಿ: ರಟ್ಟಿನಲ್ಲಿ 1 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಚೌಕ ಕಿಂಡಿ ಕೊರೆಯಿರಿ. ಕತ್ತಲಲ್ಲಿ ಮೊಬೈಲ್ ಟಾರ್ಚಿನಿಂದ 10 ಸೆಂ.ಮೀ. ದೂರದಲ್ಲಿ ಅದನ್ನು ನಿಲ್ಲಿಸಿ. 1 ಸೆಂ.ಮೀ. ಚೌಕಗಳಿರುವ ಹಾಳೆಯನ್ನು ಟಾರ್ಚಿನಿಂದ 20 ಸೆಂ.ಮೀ. ದೂರದಲ್ಲಿ ಹಿಡಿದರೆ ಬೆಳಕು ಸುಮಾರು 4 ಚೌಕಗಳನ್ನು ತುಂಬುತ್ತದೆ, 30 ಸೆಂ.ಮೀ. ದೂರದಲ್ಲಿ 9. ಅದೇ ಬೆಳಕು ಹೆಚ್ಚು ಜಾಗಕ್ಕೆ ಹಂಚಿಹೋಗಿ ಮಂಕಾಗುವುದನ್ನೂ ಗಮನಿಸಿ. 40 ಸೆಂ.ಮೀ.ಗೆ ಎಷ್ಟು ಚೌಕ? ಮೊದಲು ಊಹಿಸಿ ಬರೆದಿಡಿ, ಆಮೇಲೆ ಎಣಿಸಿ.