ಕಿಡ್ನಿ ಕಸಿಯಾದ ಮಗುವಿಗೆ ಜ್ವರ ಬಂದಾಗ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮಕ್ಕಳಿಗೆ ಕಿಡ್ನಿ ಕಸಿ ಆಗುವುದು ಸಾಮಾನ್ಯವಾಗಿ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ. ಹೆಚ್ಚಿನ ಸಲ ಕಿಡ್ನಿ ಕೊಟ್ಟವರು ಅಪ್ಪ ಅಥವಾ ಅಮ್ಮ. ಕೆಲವು ವಾರಗಳ ನಂತರ ಮಗು ಊರಿಗೆ ಮರಳುತ್ತದೆ. ಕಸಿ ಮಾಡಿದ ಆಸ್ಪತ್ರೆ ಈಗ ಹಲವು ಗಂಟೆಗಳ ದಾರಿ. ಜ್ವರ ಮಾತ್ರ ರಾತ್ರಿ ಮನೆಯಲ್ಲೇ ಬರುತ್ತದೆ. ಆಗ ಏನು ಮಾಡಬೇಕು ಎಂದು ಮೊದಲೇ ತಿಳಿದಿದ್ದರೆ ಗಾಬರಿ ಅರ್ಧಕ್ಕೆ ಇಳಿಯುತ್ತದೆ.

ಕಸಿಯ ನಂತರ ಅತಿ ಹೆಚ್ಚಾಗಿ ಕಾಡುವ ಬ್ಯಾಕ್ಟೀರಿಯಾ ಸೋಂಕು ಮೂತ್ರದ ಸೋಂಕೇ. ಮೊದಲ ಆರು ತಿಂಗಳಲ್ಲಿ ಅದರ ಕಾಟ ಜಾಸ್ತಿ. ಕಾರಣಗಳು ಹಲವು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿರುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಹಾಕಿದ ಕ್ಯಾಥೆಟರ್, ಒಳಗಿನ ಸ್ಟೆಂಟ್ ಪೈಪು ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳಲು ಜಾಗ ಕೊಡುತ್ತವೆ. ಸ್ಟೆಂಟನ್ನು ಕೆಲವು ವಾರಗಳಲ್ಲಿ ತೆಗೆಯಬೇಕು. ಅಡಿಕೆ ಕೊಯ್ಲು, ಮದುವೆ ಎಂದು ಆ ತಾರೀಕು ಮುಂದೂಡಬೇಡಿ. ಮಕ್ಕಳಲ್ಲಿ ಇನ್ನೊಂದು ವಿಷಯವಿದೆ. ಅನೇಕರ ಕಿಡ್ನಿ ಹಾಳಾದದ್ದೇ ಹುಟ್ಟಿನಿಂದ ಬಂದ ಮೂತ್ರನಾಳದ ಅಡ್ಡಿಯಿಂದ, ಇಲ್ಲವೇ ಮೂತ್ರ ಹಿಂದಕ್ಕೆ ಹರಿಯುವ ತೊಂದರೆಯಿಂದ. ಕಿಡ್ನಿ ಹೊಸದಾದರೂ ಮೂತ್ರಕೋಶ ಹಳೆಯದೇ. ಅದು ಪೂರ್ತಿ ಖಾಲಿಯಾಗದಿದ್ದರೆ ಸೋಂಕು ಮರುಕಳಿಸುತ್ತಲೇ ಇರುತ್ತದೆ.

ಲಕ್ಷಣಗಳಲ್ಲಿ ಉರಿಮೂತ್ರ, ಪದೇಪದೇ ಹೋಗಬೇಕೆನಿಸುವುದು, ವಾಸನೆ, ಕೆಂಪು ಬಣ್ಣ ನಿಮಗೆ ಗೊತ್ತಿರುವುದೇ. ಆದರೆ ಕಸಿಯಾದ ಮಗುವಿನಲ್ಲಿ ಇವು ಕಾಣದೆಯೂ ಇರಬಹುದು. ಬರೀ ಸುಸ್ತು, ಊಟ ಬೇಡವೆನ್ನುವುದು, ವಾಂತಿ, ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡುವುದು ಇಷ್ಟೇ ಇರಬಹುದು. ಹೊಸ ಕಿಡ್ನಿ ಬೆನ್ನಿನಲ್ಲಿರುವುದಿಲ್ಲ. ಬಹುತೇಕ ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ಕೂರಿಸಿರುತ್ತಾರೆ. ಅಲ್ಲಿ ಮುಟ್ಟಿದರೆ ನೋವು ಎಂದರೆ ಹೊಟ್ಟೆನೋವೆಂದು ಓಮದ ಕಷಾಯ ಕೊಟ್ಟು ಮಲಗಿಸಬೇಡಿ.

ನಮ್ಮ ಕಡೆ ಉರಿಮೂತ್ರ ಎಂದ ಕೂಡಲೇ ಬರುವ ಮಾತು, ‘ಉಷ್ಣ ಆಗಿದೆ, ಎಳನೀರು ಕುಡಿಸಿ’. ಬೇರೆ ಮಕ್ಕಳಿಗೆ ಅದರಿಂದ ಕೇಡೇನಿಲ್ಲ. ಈ ಮಗುವಿನ ಮಾತು ಬೇರೆ. ಟ್ಯಾಕ್ರೊಲಿಮಸ್ ರಕ್ತದ ಪೊಟ್ಯಾಸಿಯಂ ಏರಿಸುತ್ತದೆ, ಸೋಂಕು ತಡೆಯಲು ಕೊಡುವ ಸೆಪ್ಟ್ರಾನ್ ಮಾತ್ರೆಯೂ ಏರಿಸುತ್ತದೆ, ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ. ಮೂರೂ ಸೇರಿ ಹೃದಯದ ಬಡಿತ ತಪ್ಪಿಸುವ ಮಟ್ಟಕ್ಕೆ ಹೋಗಬಹುದು. ಬಾಳೆದಿಂಡಿನ ರಸ, ನೆಲನೆಲ್ಲಿ, ಹೆಸರಿಲ್ಲದ ಪುಡಿಗಳು ಕೂಡ ವೈದ್ಯರನ್ನು ಕೇಳದೆ ಬೇಡ. ಚಕ್ಕೋತ ಹಣ್ಣೂ ಬೇಡ. ಅದು ಟ್ಯಾಕ್ರೊಲಿಮಸ್ ಮಟ್ಟವನ್ನು ಹೆಚ್ಚಿಸಬಲ್ಲದು.

ಎಳನೀರಿಗಿಂತ ನನಗೆ ಹೆಚ್ಚು ಭಯವಿರುವುದು ಮೆಡಿಕಲ್ ಶಾಪಿನ ಮಾತ್ರೆಯ ಬಗ್ಗೆ. ಮೂತ್ರದ ಕಲ್ಚರ್ ಪರೀಕ್ಷೆಗೆ ಮುನ್ನವೇ ಎರಡು ಆಂಟಿಬಯೋಟಿಕ್ ಮಾತ್ರೆ ನುಂಗಿಸಿದರೆ ವರದಿಯಲ್ಲಿ ಏನೂ ಬೆಳೆಯದೆ ಹೋಗಬಹುದು. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬ ಸುಳಿವೇ ಕೈತಪ್ಪುತ್ತದೆ. ಜೊತೆಗೆ ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್‌ನಂಥವು ಟ್ಯಾಕ್ರೊಲಿಮಸ್ ಮಟ್ಟವನ್ನು ವಿಪರೀತ ಏರಿಸುತ್ತವೆ, ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಕುಸಿಯುವಂತೆ ಮಾಡುತ್ತದೆ. ನೋವು, ಜ್ವರಕ್ಕೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟರೆ ಕಿಡ್ನಿಗೇ ಪೆಟ್ಟು. ಮೊದಲು ಥರ್ಮಾಮೀಟರ್ ಇಟ್ಟು ಜ್ವರ ಎಷ್ಟೆಂದು ಬರೆದುಕೊಳ್ಳಿ. ಆಮೇಲೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ಜ್ವರವಿದೆಯೆಂದು ನೀವಾಗಿಯೇ ನಿಲ್ಲಿಸಬೇಡಿ.

ಕಲ್ಚರ್‌ಗೆ ಮೂತ್ರದ ಮಾದರಿ ಕೊಡುವುದರಲ್ಲೂ ಎಚ್ಚರ ಬೇಕು. ಜಾಗ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬಿನ ಡಬ್ಬಿಗೇ ಹಿಡಿಯಿರಿ. ಜಗಳೂರಿನ ಬೇಸಿಗೆಯಲ್ಲಿ ಆ ಡಬ್ಬಿಯನ್ನು ಚೀಲದಲ್ಲಿಟ್ಟು ಬಸ್ಸಿನಲ್ಲಿ ದಾವಣಗೆರೆಗೆ ತಂದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ವರದಿ ಸುಳ್ಳಾಗುತ್ತದೆ. ಮಗುವನ್ನೇ ಕರೆತಂದು ಲ್ಯಾಬಿನಲ್ಲೇ ಕೊಡಿಸಿ. ಬಾಪೂಜಿ ಮಕ್ಕಳ ಆಸ್ಪತ್ರೆಯಲ್ಲೋ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ ತೋರಿಸಿ, ಅಲ್ಲಿಂದಲೇ ಕಸಿ ತಂಡದೊಂದಿಗೆ ಮಾತಾಡಿಸಿ. ಪೂರ್ಣ ವರದಿಗೆ ಎರಡು ಮೂರು ದಿನ ಬೇಕು. ಜ್ವರವಿದ್ದರೆ ವೈದ್ಯರು ಅಲ್ಲಿಯವರೆಗೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ, ವರದಿ ಬಂದ ಮೇಲೆ ಔಷಧ ಬದಲಿಸಬಹುದು. ಸೋಂಕು ಕಿಡ್ನಿಗೇ ಏರಿದ್ದರೆ ಅಡ್ಮಿಟ್ ಆಗಿ ಇಂಜೆಕ್ಷನ್, ಒಟ್ಟು ಎರಡು ವಾರದಷ್ಟು ಔಷಧ ಬೇಕಾಗಬಹುದು. ಕಿಡ್ನಿಯ ಕೆಲಸವನ್ನು ಅಳೆಯುವ ರಕ್ತದ ಕ್ರಿಯಾಟಿನಿನ್ ಏರಿದರೆ ಎದೆಗುಂದಬೇಡಿ. ಬೇಗ ಚಿಕಿತ್ಸೆ ಸಿಕ್ಕರೆ ಅದು ಸಾಮಾನ್ಯವಾಗಿ ಇಳಿಯುತ್ತದೆ.

ಚಿಕಿತ್ಸೆ ತಡಮಾಡುವುದಕ್ಕೆ ತದ್ವಿರುದ್ಧವಾದ ತಪ್ಪೂ ನಡೆಯುತ್ತದೆ. ಮಗು ಆಟವಾಡಿಕೊಂಡಿದೆ, ಜ್ವರವಿಲ್ಲ, ಕ್ರಿಯಾಟಿನಿನ್ ಸರಿಯಿದೆ, ಕಲ್ಚರ್‌ನಲ್ಲಿ ಮಾತ್ರ ಇ-ಕೋಲೈ ಬ್ಯಾಕ್ಟೀರಿಯಾ ಬೆಳೆದಿದೆ. ಕಸಿಯಾಗಿ ಒಂದೆರಡು ತಿಂಗಳು ದಾಟಿದ್ದರೆ ಅದಕ್ಕೆ ಹೆಚ್ಚಾಗಿ ಔಷಧವೇ ಬೇಡ. ಪ್ರತಿ ವರದಿಗೂ ಆಂಟಿಬಯೋಟಿಕ್ ಕೊಡುತ್ತಾ ಹೋದರೆ ನಾಳೆ ನಿಜವಾದ ಸೋಂಕು ಬಂದಾಗ ಔಷಧ ನಾಟದೆ ಹೋಗಬಹುದು. ಔಷಧ ಬರೆಯಲಿಲ್ಲವೆಂದು ವೈದ್ಯರ ಮೇಲೆ ಸಿಟ್ಟಾಗಬೇಡಿ.

ತಡೆಯುವ ಕೆಲಸ ದಿನನಿತ್ಯದ್ದು. ವೈದ್ಯರು ಹೇಳಿದಷ್ಟು ಕುದಿಸಿ ಆರಿಸಿದ ನೀರು, ಎರಡು ಮೂರು ಗಂಟೆಗೊಮ್ಮೆ ಮೂತ್ರ, ಮಲಬದ್ಧತೆ ಆಗದಂಥ ಊಟ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯುವುದನ್ನು ಕಲಿಸಿ. ಶಾಲೆಯ ಶೌಚಾಲಯ ಗಲೀಜೆಂದು ಬೆಳಗ್ಗೆಯಿಂದ ಸಂಜೆವರೆಗೆ ತಡೆದುಕೊಳ್ಳುವ ಮಕ್ಕಳು ಬಹಳ. ಹೆಡ್‌ಮಾಸ್ಟರ್ ಬಳಿ ಹೋಗಿ ಮಾತಾಡಿ, ಸಂಕೋಚ ಬೇಡ.

ಕಸಿ ತಂಡದ ಫೋನ್ ನಂಬರನ್ನು ಮಾತ್ರೆ ಡಬ್ಬಿಯ ಮುಚ್ಚಳದ ಮೇಲೇ ಬರೆದಿಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ, ಮೂತ್ರ ಕಡಿಮೆಯಾದರೆ, ಕೊಟ್ಟ ಮಾತ್ರೆ ವಾಂತಿಯಾದರೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಕರೆ ಮಾಡಿ.