ಮನಸ್ಸು ಗಟ್ಟಿಯಾಗುವುದು ಹೇಗೆ?

"ಮನಸ್ಸು ಗಟ್ಟಿ ಮಾಡ್ಕೋ" ಅಂತ ಊರಿಂದ ಹೊರಡುವಾಗ ಎಲ್ಲರೂ ಹೇಳ್ತಾರೆ. ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಗಟ್ಟಿತನ ಅಂದರೆ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರುವುದು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಸಂಬಳ ಎರಡು ತಿಂಗಳಿಂದ ಬಂದಿಲ್ಲ, ಊರಲ್ಲಿ ಸಾಲದ ಬಡ್ಡಿ ಏರುತ್ತಿದೆ, ಇಕಾಮಾ ಮುಗಿಯುತ್ತಾ ಬಂದಿದೆ. ಆದರೂ ಫೋನಿನಲ್ಲಿ "ನಾನು ಆರಾಮಿದ್ದೀನಿ". ಬ್ನೇದ್ ಅಲ್ ಗಾರ್‌ನ ಒಂದೇ ರೂಮಿನಲ್ಲಿ ಆರು ಜನ ಮಲಗಿದರೂ ಪಕ್ಕದ ಮಂಚದವನ ಕಷ್ಟ ಗೊತ್ತಿರುವುದಿಲ್ಲ. ಮಿದುಳಿನ ಮಟ್ಟಿಗೆ ಇದು ಗಟ್ಟಿತನವಲ್ಲ, ಇನ್ನೊಂದು ಹೊರೆ.

ಒಳಗೆ ಏನು ನಡೆಯುತ್ತದೆ?

ಅಪಾಯ ಕಂಡ ಕೂಡಲೇ ಮಿದುಳಿನೊಳಗಿನ ಅಮಿಗ್ಡಾಲ ಎಂಬ ಚಿಕ್ಕ ಭಾಗ ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಕೈಕಾಲು ಬಿಗಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಇದು ಒಳ್ಳೆಯದೇ. ಎತ್ತರದಲ್ಲಿ ಕೆಲಸ ಮಾಡುವಾಗ ಕಾಲು ಜಾರಿದರೆ ತಟ್ಟನೆ ಪೈಪು ಹಿಡಿಯುವಂತೆ ಮಾಡುವುದು ಇದೇ. ಆದರೆ ತಿಂಗಳುಗಟ್ಟಲೆ ಈ ಎಚ್ಚರಿಕೆ ನಿಲ್ಲದಿದ್ದರೆ ನಿದ್ದೆ ಕೆಡುತ್ತದೆ, ಮರೆವು ಬರುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಯೋಚಿಸಿ ತೀರ್ಮಾನ ಮಾಡುವ ಭಾಗ ಹಣೆಯ ಹಿಂದಿದೆ. ಆಗ ಅದರ ಶಕ್ತಿ ಕುಗ್ಗುತ್ತದೆ.

ಹಿಡಿತವೇ ಮದ್ದು

1967ರಲ್ಲಿ ಅಮೆರಿಕದ ಸೆಲಿಗ್‌ಮನ್ ಮತ್ತು ಮೇಯರ್ ಎಂಬ ವಿಜ್ಞಾನಿಗಳು ಪ್ರಾಣಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ವಿದ್ಯುತ್ ಶಾಕ್ ನಿಲ್ಲಿಸಲು ದಾರಿಯೇ ಇಲ್ಲದ ಪ್ರಾಣಿಗಳಲ್ಲಿ ಹೆಚ್ಚಿನವು, ಆಮೇಲೆ ದಾರಿ ಇದ್ದಾಗಲೂ ಸುಮ್ಮನೆ ಕೂತುಬಿಟ್ಟವು. ಮೇಯರ್ ಮತ್ತು ಸಂಗಡಿಗರು ಮುಂದೆ ಇಲಿಗಳಲ್ಲಿ ಇನ್ನೊಂದು ವಿಷಯ ಕಂಡುಕೊಂಡರು. ತಾನೇ ಶಾಕ್ ನಿಲ್ಲಿಸಬಹುದು ಅಂತ ಒಮ್ಮೆ ಕಲಿತ ಇಲಿ, ನಂತರ ಕೈಮೀರಿದ ಕಷ್ಟ ಬಂದರೂ ಅಷ್ಟು ಕುಸಿಯುವುದಿಲ್ಲ. ಮಿದುಳಿನ ಮುಂಭಾಗ ಆ ಹಿಡಿತವನ್ನು ಗುರುತಿಸಿ, ಒಳಗಿನ ಗಾಬರಿಯನ್ನು ತಗ್ಗಿಸುತ್ತದೆ. ಅಂದರೆ ಗಟ್ಟಿತನ ಹುಟ್ಟಿನಿಂದಷ್ಟೇ ಬರುವುದಲ್ಲ, ಅಭ್ಯಾಸದಿಂದಲೂ ಬರುತ್ತದೆ.

ಇದಕ್ಕೆ ಕುವೈತಿನಲ್ಲೇ ಉದಾಹರಣೆ ಇದೆ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಒಳನುಗ್ಗಿದಾಗ ಇಲ್ಲಿದ್ದ ಸುಮಾರು 1.7 ಲಕ್ಷ ಭಾರತೀಯರ ಕೈಯಲ್ಲಿ ಯುದ್ಧ ಇರಲಿಲ್ಲ, ಬ್ಯಾಂಕಿನ ದುಡ್ಡೂ ಇರಲಿಲ್ಲ. ಆದರೆ ಹೆಸರು ಪಟ್ಟಿ ಮಾಡುವುದು, ಊಟ ಹಂಚುವುದು, ಬಸ್ಸು ಹೊಂದಿಸುವುದು ಕೈಯಲ್ಲಿತ್ತು. ಭಾರತೀಯರು ತಾವೇ ಗುಂಪು ಕಟ್ಟಿ ಅದನ್ನು ಮಾಡಿದರು. ಜೋರ್ಡನ್‌ನ ಅಮ್ಮಾನ್ ತಲುಪಿದವರನ್ನು ಏರ್ ಇಂಡಿಯಾ ಸುಮಾರು ಎರಡು ತಿಂಗಳ ಕಾಲ ಊರಿಗೆ ಸಾಗಿಸಿತು.

ಎರಡು ಕಾಲಂ

ನಾನು ಲೆಕ್ಕ ಬರೆಯುವವನು, ಆದ್ದರಿಂದ ಲೆಕ್ಕದ ಪುಸ್ತಕದ ಹಾಗೆಯೇ ಹೇಳುತ್ತೇನೆ. ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ಕೈಯಲ್ಲಿ ಇಲ್ಲದ್ದು: ಕಂಪನಿಯ ತೀರ್ಮಾನ, ದಿನಾರ್ ರೇಟು, ಊರಿನವರ ಮಾತು. ಬಲಗಡೆ ಕೈಯಲ್ಲಿ ಇರುವುದು: ಸಾಲ ಎಷ್ಟು ಉಳಿದಿದೆ ಎಂಬ ನಿಜವಾದ ಅಂಕಿ, ಸಂಬಳದ ದಾಖಲೆ, ಸಿವಿಲ್ ಐಡಿಯ ಕೊನೆ ತಾರೀಕು, ಇವತ್ತು ಯಾರಿಗೆ ಫೋನ್ ಮಾಡಬೇಕು. ಬಲಗಡೆಯಿಂದ ದಿನಕ್ಕೆ ಒಂದೇ ಕೆಲಸ ಮುಗಿಸಿ, ಟಿಕ್ ಹಾಕಿ. ಸಾಲ ಒಂದೇ ದಿನಕ್ಕೆ ತೀರುವುದಿಲ್ಲ. ಆದರೆ "ನನ್ನಿಂದ ಏನೋ ಆಗುತ್ತದೆ" ಎಂಬುದು ಮಿದುಳಿಗೆ ತಿಳಿಯುತ್ತದೆ.

ಜೊತೆಗೆ ಮೂರು ಅಭ್ಯಾಸ:

1. ಹೇಳಿಕೊಳ್ಳಿ. "ಭಯ ಆಗ್ತಿದೆ" ಅಂತ ಭಾವನೆಗೆ ಹೆಸರು ಕೊಟ್ಟಾಗ ಅಮಿಗ್ಡಾಲದ ಗದ್ದಲ ಕಡಿಮೆಯಾಗುತ್ತದೆ ಅಂತ 2007ರ ಒಂದು ಮಿದುಳು ಸ್ಕ್ಯಾನ್ ಅಧ್ಯಯನ ತೋರಿಸಿದೆ. ಒಬ್ಬರಿಗಾದರೂ ನಿಜ ಹೇಳಿ.
2. ನಿದ್ದೆ ಕಾಪಾಡಿ. ರಾತ್ರಿ ಒಂದರವರೆಗೆ ಮೊಬೈಲ್ ನೋಡುವುದು ಬೇಡ. ನಿದ್ದೆಗೆಟ್ಟ ಮಿದುಳಿಗೆ ಸಣ್ಣದೂ ದೊಡ್ಡದಾಗಿ ಕಾಣುತ್ತದೆ.
3. ನಡೆಯಿರಿ. ಬಿಸಿಲಿಳಿದ ಮೇಲೆ ಸಮುದ್ರದ ಬದಿಯ ಗಲ್ಫ್ ರೋಡಿನಲ್ಲಿ ಅರ್ಧ ಗಂಟೆ. ಒಂದು ಫಿಲ್ಸ್ ಖರ್ಚಿಲ್ಲ.

ಸಹಿಸುವುದು ಬೇರೆ, ಹಕ್ಕು ಬೇರೆ

ಸಂಬಳ ಕೊಡದವನನ್ನು ಸಹಿಸಿಕೊಳ್ಳುವುದು ಗಟ್ಟಿತನವಲ್ಲ. 2010ರ 6ನೇ ಕಾರ್ಮಿಕ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಯ ಸಂಬಳ, ಕೊಡಬೇಕಾದ ದಿನದಿಂದ ಏಳನೇ ದಿನ ದಾಟಬಾರದು. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಮನೆಕೆಲಸದವರಿಗೆ 2015ರ 68ನೇ ಕಾಯ್ದೆ ಇದೆ. ದೂರು ಕೊಡುವುದೂ ಬಲಗಡೆ ಕಾಲಂನ ಕೆಲಸವೇ. ಮ್ಯಾನ್‌ಪವರ್ ಪ್ರಾಧಿಕಾರಕ್ಕೆ ಅಥವಾ ಭಾರತದ ರಾಯಭಾರ ಕಚೇರಿಗೆ ಹೋಗುವಾಗ ಕಾಗದಪತ್ರಗಳನ್ನು ಜೊತೆಗಿಟ್ಟುಕೊಳ್ಳಿ.

ಕೊನೆಯದಾಗಿ, ಎರಡು ವಾರ ನಿದ್ದೆ ಊಟ ಸೇರದಿದ್ದರೆ ಅದು ಕಾಯಿಲೆ ಇರಬಹುದು. ಡಾಕ್ಟರ ಹತ್ತಿರ ಹೋಗಲು ನಾಚಿಕೆ ಬೇಡ. ರೂಮಿನಲ್ಲಿ ಯಾರಾದರೂ "ಬದುಕಿ ಏನು ಪ್ರಯೋಜನ" ಅಂದರೆ ತಮಾಷೆ ಅಂದುಕೊಳ್ಳಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ, 112ಕ್ಕೆ ಫೋನ್ ಮಾಡಿ. ಊರಲ್ಲಿರುವ ಮನೆಯವರಿಗೆ ಇಂಥ ಕಷ್ಟ ಬಂದರೆ ಟೆಲಿ ಮಾನಸ್ 14416 ಇದೆ, ಆ ನಂಬರ್ ಅವರಿಗೂ ಕಳುಹಿಸಿ.