ಬೊಲೆರೊಗೆ ದೊಡ್ಡ ಟೈರ್ ಹಾಕಿಸುವ ಮುನ್ನ ಒಂದು ಲೆಕ್ಕ

ಈ ವಾರ ಗೊಬ್ಬರ, ಜೀವಾಮೃತ ಬಿಟ್ಟು ಗಾಡಿ ಟೈರಿನ ವಿಷಯ. ತೋಟಗಾರಿಕೆ ಓದಿದವನಿಗೆ ಇದ್ಯಾಕೆ ಅಂತೀರಾ? ತರಕಾರಿ ಬೆಳೆದರೆ ಸಾಲದು, ಬಾಡುವ ಮುಂಚೆ ಮಾರುಕಟ್ಟೆ ಮುಟ್ಟಬೇಕಲ್ಲ.

ನನ್ನದು ಹಳೇ ಬೊಲೆರೊ. ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಜಾಡು ಆಳವಾಗಿ, ಮಳೆಗಾಲದಲ್ಲಿ ಗಾಡಿಯ ತಳ ನೆಲಕ್ಕೆ ತಾಗ್ತಿತ್ತು. ದೊಡ್ಡ ಟೈರ್ ಹಾಕಿದ್ರೆ ಎತ್ತರ ಆಗುತ್ತೆ ಅಂದ್ರು ಟೈರ್ ಅಂಗಡಿಯವರು. ಮೊದಲಿದ್ದದ್ದು 215/75 ಆರ್ 15. ನಾಲ್ಕಕ್ಕೂ 235/75 ಆರ್ 15 ಹಾಕಿಸಿಬಿಟ್ಟೆ. ಲೆಕ್ಕ ಮಾಡಿದ್ದು ಆಮೇಲೆ!

ಲೆಕ್ಕ ಸುಲಭ. 215 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75, ಅಂದರೆ ಸುಮಾರು 161 ಮಿ.ಮೀ. 15 ಅಂದರೆ ರಿಮ್ಮಿನ ಇಂಚು, ಇಂಚಿಗೆ 25.4ರಂತೆ 381 ಮಿ.ಮೀ. ಮೇಲೆ ಕೆಳಗೆ ಎರಡೂ ಗೋಡೆ ಸೇರಿಸಿದರೆ ಚಕ್ರದ ಪೂರ್ತಿ ಎತ್ತರ 703.5. ಹೊಸದರದ್ದು 733.5. ವ್ಯತ್ಯಾಸ 30 ಮಿ.ಮೀ., ಆದರೆ ಗಾಡಿ ಏರುವುದು ಅದರ ಅರ್ಧ. ಅಷ್ಟು ದುಡ್ಡು ಸುರಿದು ನನಗೆ ಸಿಕ್ಕಿದ್ದು ಒಂದೂವರೆ ಸೆಂಟಿಮೀಟರ್.

ಕಳೆದುಕೊಂಡದ್ದು ಜಾಸ್ತಿ. ಚಕ್ರ ಶೇ. 4ರಷ್ಟು ದೊಡ್ಡದಾದ್ದರಿಂದ ಮೀಟರ್ 60 ತೋರಿಸುವಾಗ ಗಾಡಿ ಅದಕ್ಕಿಂತ ಎರಡೂವರೆ ಕಿಲೋಮೀಟರ್ ಜೋರಾಗಿ ಓಡುತ್ತೆ. ಏರಿನಲ್ಲಿ ಎಳೆತ ಕಡಿಮೆ. ಒಮ್ಮೆ ಟೊಮೆಟೊ ಕ್ರೇಟ್ ತುಂಬಿಕೊಂಡು ಇಳಿಜಾರು ಇಳೀವಾಗ ಬ್ರೇಕ್ ಮೊದಲಿಗಿಂತ ಒತ್ತಿ ತುಳಿಯಬೇಕಾಯ್ತು. ಕೆಳಗಿನ ತಿರುವಿನಲ್ಲಿ ಗುಂಡಿಗೆ ಇಳಿದಾಗ ಕರಕರ ಸದ್ದು. ಇಳಿದು ನೋಡಿದರೆ ಮುಂದಿನ ಟೈರಿನ ಅಂಚು ಒಳಗಡೆ ಉಜ್ಜಿ ಸವೆದಿತ್ತು. ಪಕ್ಕದಲ್ಲಿ ಅಮ್ಮ ಕೂತಿದ್ದರು. ಆವತ್ತೇ ತೀರ್ಮಾನ ಮಾಡಿದೆ.

ಒಟ್ಟು ಎತ್ತರ ಶೇ. 3ಕ್ಕಿಂತ ಹೆಚ್ಚು ಬದಲಾಗದಂತೆ ನೋಡ್ಕೊಳ್ಳಿ. ರಿಮ್ ದೊಡ್ಡದು ಬೇಕೇ ಬೇಕು ಅಂದ್ರೆ ಗೋಡೆ ಗಿಡ್ಡ ಆಗಲೇಬೇಕು: 215/70 ಆರ್ 16 ಹಾಕಿದರೆ ಒಟ್ಟು 707 ಬರುತ್ತೆ, ಹೆಚ್ಚುಕಮ್ಮಿ ಮೊದಲಿನಷ್ಟೇ. ಆದರೆ ಕಲ್ಲಿನ ದಾರಿಯಲ್ಲಿ ಗಿಡ್ಡ ಗೋಡೆ ಇದ್ದಷ್ಟೂ ರಿಮ್ಮಿಗೆ ಪೆಟ್ಟು ಜಾಸ್ತಿ, ನಮ್ಮಂಥವರಿಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ಬೇರೆ ರಿಮ್ ತರುವಾಗ ಬೋಲ್ಟಿನ ತೂತು ಕೂತರೆ ಸಾಲದು, ಆಫ್‌ಸೆಟ್ಟೂ ಹೊಂದಬೇಕು. ಇಲ್ಲದಿದ್ರೆ ಚಕ್ರ ಹೊರಗೆ ಚಾಚಿ ಬೇರಿಂಗ್ ಮೇಲೆ ಭಾರ ಬೀಳುತ್ತೆ.

ಹೊರೆ ಹೊರುವವರು ಅಳತೆಯ ಪಕ್ಕದ ಸಂಖ್ಯೆಯನ್ನೂ ಓದಿ. 100 ಅಂದರೆ ಆ ಒಂದು ಟೈರ್ 800 ಕಿಲೋ ಹೊರುತ್ತೆ, 95 ಅಂದರೆ 690. ಹಳೆಯದಕ್ಕಿಂತ ಕಡಿಮೆ ಇರೋದನ್ನ ಹಾಕಿಸಲೇಬೇಡಿ. ಸ್ಟೆಪ್ನಿ ಹಳೇ ಅಳತೆಯದ್ದೇ ಇದ್ದರೆ ಪಂಕ್ಚರ್ ಅಂಗಡಿವರೆಗೆ ಮಾತ್ರ, ನಿಧಾನಕ್ಕೆ. ಹಿಂದೆ ಎಡಬಲ ಬೇರೆ ಅಳತೆ ಇಟ್ಟುಕೊಂಡು ದಿನಗಟ್ಟಲೆ ಓಡಿಸಿದರೆ ಡಿಫರೆನ್ಷಿಯಲ್ ಸವೆಯುತ್ತೆ.

ನಾನು ಈಗ 215/75ಕ್ಕೇ ವಾಪಸ್ ಬಂದಿದ್ದೇನೆ, ಕೆಸರಿಗೆ ಕಚ್ಚುವ ಆಳವಾದ ಬಟನ್ ಇರೋ ಟೈರು. ಜಾಡಿಗೆ ಎರಡು ಲೋಡ್ ಗ್ರಾವೆಲ್ ಹೊಡೆಸಿದೆ. ತಳ ಈಗ ತಾಗಲ್ಲ.